ಮ್ಯೂಸಿಯಂ ಸೀರೆಯ ಸೆರಗು

ಒಂದು ಮದುವೆಯಿಂದ ನನಗೆ ನಲವತ್ತು ಸೀರೆಯ ವ್ಯಾಪಾರ ಬರಬೇಕಿತ್ತು. ಲಂಡನ್ನಿನ ಹ್ಯಾರೋದ ಡಾಕ್ಟರೊಬ್ಬರ ಪತ್ನಿ, ಧಾರವಾಡದವರು, ಮಗಳ ಮದುವೆಗೆಂದು ಈಸ್ಟ್ ಹ್ಯಾಮಿನ ನನ್ನ ಸೀರೆ ಅಂಗಡಿಯಲ್ಲಿ ಎಲ್ಲ ಸೆರಗೂ ಬಿಚ್ಚಿಸಿ, 'ನಾಳೆ ಹೇಳ್ತೀನ್ರಿ' ಅಂದರು. ಗಿರಾಕಿ ಕೈತಪ್ಪದಿರಲೆಂದು ನಾನೇ ಕಾರಿನಲ್ಲಿ ಮ್ಯೂಸಿಯಂ ತೋರಿಸಲು ಕರೆದೊಯ್ದೆ.

ಅಲ್ಲಿ ಗಾಜಿನೊಳಗೆ ಮಾಸಿದ ಇಳಕಲ್ ಸೀರೆಯೊಂದಿತ್ತು. ಕಾವಲಿನವನನ್ನು ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು: 'ಸೆರಗು ಬಿಚ್ಚಿ ತೋರಿಸ್ತೀರಾ?'

'ಆಗಲ್ಲ ಮೇಡಂ.'

ಅಷ್ಟಕ್ಕೇ ಒಪ್ಪಿ ಗಾಜಿಗೆ ಮುಖ ತಾಗಿಸಿದರು. 'ಎಷ್ಟ್ ಚಂದ ಅದ ನೋಡ್ರಿ!'

'ಅಂಚು ಹರಿದಿದೆ ಅಕ್ಕಾ.'

'ಹರಿದ್ರೇನಾತು, ಇದರ ಗತ್ತೇ ಬ್ಯಾರೆ.'

ನನ್ನ ಹೊಟ್ಟೆ ಉರಿಯಿತು. ಏನನ್ನೂ ಮಾರದವನಿಗೆ ಇಷ್ಟು ಮರ್ಯಾದೆಯೇ! ಮರುದಿನವೇ ಗಾಜಿನ ಪೆಟ್ಟಿಗೆ ತಂದು ಒಳ್ಳೆಯ ಇಳಕಲ್ ಒಂದನ್ನು ಒಳಗಿಟ್ಟೆ. ಅವರು ಬಂದು ಸೆರಗು ಕೇಳಿದಾಗ, 'ಆಗಲ್ಲ ಮೇಡಂ' ಅಂದೆ.

ಎದುರಂಗಡಿಯವನು ಬಿಚ್ಚಿ ತೋರಿಸಿದ. ನಲವತ್ತೂ ಅಲ್ಲೇ ಕೊಂಡರು. ಪೆಟ್ಟಿಗೆಯನ್ನು ಅವನಿಗೇ ಮಾರಿದೆ. ಒಟ್ಟು ಲಾಭ ಐದು ಪೌಂಡ್.