ಮದುವೆಯ ಗಾಡಿಗೆ ಎರಡು ಪಟ್ಟೆ

ಐವತ್ತರ ದಶಕದಲ್ಲಿ ನಾನು ಸೊಲ್ಲಾಪುರದಲ್ಲಿ ಅಂಗಡಿಗಳ ಬೋರ್ಡು ಬರೆಯುವ ಒಬ್ಬ ಉಸ್ತಾದರ ಕೈಕೆಳಗೆ ಕೆಲಸಕ್ಕಿದ್ದೆ. ನಮ್ಮದು ಅಕ್ಕಲಕೋಟದ ಕಡೆಯ ಹಳ್ಳಿ, ಕುರಿ ಸಾಕುವ ಮನೆತನ. ಬಣ್ಣ ಬಳಿದು ಬದುಕುವುದು ಅಪ್ಪನ ಕಣ್ಣಿಗೆ ಕೆಲಸವೇ ಅಲ್ಲ. ನನಗೋ ಕುರಿಗಳ ಹಿಂದೆ ತಿರುಗುವುದು ಸುತರಾಂ ಬೇಡವಾಗಿತ್ತು. ಇಪ್ಪತ್ತೆರಡು ವರ್ಷ, ಮೂಗಿನ ತುದಿಯಲ್ಲೇ ಸಿಟ್ಟು, ಮೈತುಂಬ ಜಂಭ.

ಒಮ್ಮೆ ಉಸ್ತಾದರಿಗೆ ಜ್ವರ ಬಂದು, ಅಕ್ಕಲಕೋಟದ ಸಾಹುಕಾರರೊಬ್ಬರ ಕಾರಿಗೆ ಪಟ್ಟೆ ಎಳೆಯುವ ಕೆಲಸ ನನ್ನ ಪಾಲಿಗೆ ಬಂತು. ಮಗಳ ಮದುವೆಗೆಂದು ಅವರು ತಮ್ಮ ಹಳೆಯ ವಿಲಾಯಿತಿ ಕಾರಿಗೆ ಹೊಸದಾಗಿ ಕೆನೆಬಣ್ಣ ಹೊಡೆಸಿದ್ದರು. ಅದರ ಎರಡೂ ಮಗ್ಗುಲಿಗೆ, ಮುಂದಿನ ದೀಪದಿಂದ ಹಿಂದಿನ ತುದಿಯವರೆಗೆ, ಜೋಡಿ ಕೆಂಪು ಪಟ್ಟೆ ಬರಬೇಕಿತ್ತು. ಕೆಲಸ ಕೆಟ್ಟರೆ ಸೊಲ್ಲಾಪುರಕ್ಕೆ ತಿರುಗಿ ಬರಬೇಡ, ಅಲ್ಲಿಂದಲೇ ಕುರಿ ಕಾಯಲು ಹೋಗು ಎಂದರು ಉಸ್ತಾದರು. ಅವರು ತಮಾಷೆಗೆ ಮಾತಾಡುವವರಲ್ಲ.

ಸಾಹುಕಾರರ ಅಂಗಳದಲ್ಲಿ ಬೇವಿನ ನೆರಳಿಗೆ ಕಾರು ನಿಂತಿತ್ತು. ಮದುವೆಗೆ ಬಂದ ನೆಂಟರೆಲ್ಲ ಸುತ್ತ ನೆರೆದು, ಪಟ್ಟೆ ಇಷ್ಟು ಮೇಲಿರಲಿ, ಅಷ್ಟು ಕೆಳಗಿರಲಿ ಎಂದು ನನ್ನ ತಲೆ ತಿಂದರು. ಎಲ್ಲರನ್ನೂ ಗದರಿಸಿ ಅಟ್ಟಿದೆ. ಕಟ್ಟೆಯ ಮೇಲೆ ತೊಗರಿ ಹಸನು ಮಾಡುತ್ತಿದ್ದ ಸಾಹುಕಾರರ ತಾಯಿ ಮಾತ್ರ ಏಳಲಿಲ್ಲ. ಊರೆಲ್ಲ ಅವರನ್ನು ಆಯಿ ಎನ್ನುತ್ತಿತ್ತು. ಗಂಡ ತೀರಿ ಹನ್ನೊಂದು ವರ್ಷವಾಗಿತ್ತು. ಬೋಳು ಹಣೆ, ಮಾಸಲು ಬಣ್ಣದ ಸೀರೆ. ಮದುವೆ ಮನೆಯಲ್ಲಿ ಅವರ ಪಾಲಿಗಿದ್ದದ್ದು ಕಾಳು ಕಡಿಯ ಕೆಲಸ ಅಷ್ಟೇ.

ಬೋರ್ಡಿನ ಮೇಲೆ ನೇರ ಗೆರೆ ಬೇಕಾದರೆ ನಾವು ದಾರಕ್ಕೆ ಸುಣ್ಣದ ಪುಡಿ ಸವರಿ, ಬಿಗಿಯಾಗಿ ಹಿಡಿದು, ನಡುವೆ ಮೀಟಿ ಬಿಡುತ್ತಿದ್ದೆವು. ಕೆನೆಬಣ್ಣದ ಮೇಲೆ ಸುಣ್ಣ ಕಾಣಬೇಕಲ್ಲ! ಮನೆ ಬಿಡುವಾಗ ಅವ್ವ ಕಟ್ಟಿಕೊಟ್ಟ ಭಂಡಾರ, ನಮ್ಮ ಮನೆದೇವರು ಬೀರೋಬನ ಅರಿಶಿನ ಪುಡಿ, ನನ್ನ ಸೊಂಟದ ಚೀಲದಲ್ಲಿತ್ತು. ಮೊದಲ ಸ್ವತಂತ್ರ ಕೆಲಸ, ದೇವರ ಅರಿಶಿನವೇ ಇರಲಿ ಎಂದುಕೊಂಡೆ. ಪುಡಿ ಉದುರಬಾರದೆಂದು ದಾರಕ್ಕೆ ಅಗಸೆ ಎಣ್ಣೆಯನ್ನೂ ಸವರಿದೆ. ಅಷ್ಟು ಬುದ್ಧಿವಂತ ನಾನು.

ಮೀಟಿದ ಗೆರೆ ಬಾಗಿಲ ಹಿಡಿಕೆಯ ಹತ್ತಿರ ಎರಡು ಬೆರಳು ಕೆಳಗೆ ಬಂದಿತ್ತು. ಒರೆಸಿದೆ, ಹೋಗಲಿಲ್ಲ. ಅರಿವೆಗೆ ಚಿಮಣಿ ಎಣ್ಣೆ ಹಾಕಿ ತಿಕ್ಕಿದೆ. ಅರಿಶಿನ ಕರಗಿ, ಎರಡು ಬಾಗಿಲ ತುಂಬ ಹಳದಿ ಹರಡಿತು. ತಿಕ್ಕಿದಷ್ಟೂ ಬೆಳೆಯಿತು. ನನ್ನ ಕಣ್ಣ ಮುಂದೆ ಕುರಿಗಳೇ ಬಂದು ನಿಂತವು.

ಆಯಿ ಮೊರ ಕೆಳಗಿಟ್ಟು ಹತ್ತಿರ ಬಂದರು. “ಇನ್ನ ಮುಟ್ಟಬ್ಯಾಡ ತಮ್ಮಾ. ಅರಿಶಿಣ ಬಿಸಲಿಗಿ ತಾಳೂದಿಲ್ಲ. ನಾವು ಸೀರಿ ಕಲಿ ಹಂಗ ಕಳೀತೀವಿ” ಎಂದರು. ಸಾಬೂನಿನ ನೀರಿನಿಂದ ಜಿಡ್ಡು ತೊಳೆಸಿ, ಆಳುಗಳನ್ನು ಕರೆದು ಕಾರನ್ನು ಬಿಸಿಲಿಗೆ ತಳ್ಳಿಸಿದರು. ಆದರೆ ಬಿಸಿಲು ಇಳಿಯುವ ಹೊತ್ತಾಗಿತ್ತು. ಕಲೆ ಹಾಗೆಯೇ ಇರುವಾಗ, ಜವಳಿಗೆಂದು ಸೊಲ್ಲಾಪುರಕ್ಕೆ ಹೋಗಿದ್ದ ಸಾಹುಕಾರರು ಬಂದಿಳಿದರು. ಇದನ್ನು ಹಚ್ಚಿದವರು ಯಾರು ಎಂದು ಅವರು ಕೇಳಿದಾಗ ನಾನು ಅರಿವೆಯನ್ನು ಬೆನ್ನ ಹಿಂದೆ ಅಡಗಿಸಿದೆ.

“ನಾನ ಹಚ್ಚೇನಿ,” ಎಂದರು ಆಯಿ. “ಮದುಮಗಳಿಗಿ ಹಚ್ಚಿದಂಗ ಗಾಡಿಗೂ ಹಚ್ಚಬೇಕಂತ ಅನಿಸ್ತು.”

ಗಂಡ ಸತ್ತವಳು ಮದುವೆಯ ಅರಿಶಿನ ಮುಟ್ಟುವಂತಿರಲಿಲ್ಲ. ನೆಂಟರ ಹೆಂಗಸರು ಒಬ್ಬೊಬ್ಬರಾಗಿ ಬಾಯಿ ತೆರೆದರು. ವಯಸ್ಸಾದ ಮೇಲೆ ಬುದ್ಧಿ ಎಲ್ಲಿ ಹೋಯಿತು, ಮೊಮ್ಮಗಳ ಒಳ್ಳೆಯದು ಬೇಡವೇ ಎಂದೆಲ್ಲ ಅಂದರು. ಆಯಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಸಾಹುಕಾರರು ಒಳಗೆ ಹೋದರು. ಇಷ್ಟೊತ್ತು ಎಲ್ಲರನ್ನೂ ಗದರಿಸಿದ ನನ್ನ ಗಂಡಸುತನ ಆಗ ಬಾಯಿ ಬಿಡಲಿಲ್ಲ. ಆ ನಾಚಿಕೆ ನನಗೆ ಇಂದಿಗೂ ಹೋಗಿಲ್ಲ.

ಎರಡು ದಿನದ ಬಿಸಿಲಿಗೆ ಹಳದಿ ಪೂರ್ತಿ ಹಾರಿತು. ಈ ಸಲ ದಾರದ ಗೊಡವೆಗೇ ಹೋಗಲಿಲ್ಲ. ಕಾರಿನ ತಗಡಿಗೆ ತನ್ನದೇ ಒಂದು ಏಣು, ಉಬ್ಬಿದ ಅಂಚು, ಇತ್ತು, ಉದ್ದಕ್ಕೂ ಅದರಿಂದ ಅಳೆದು ಗುರುತು ಹಾಕಿಕೊಂಡೆ. ಉದ್ದ ಕೂದಲಿನ ಕುಂಚ ಅದ್ದಿ, ಉಸಿರು ಬಿಗಿಹಿಡಿದು ಎಳೆದೆ. ಸಂಜೆ ಸಾಹುಕಾರರು ಕಾರನ್ನು ಸುತ್ತಿ ಬಂದು, ಪಟ್ಟೆ ಚಲೋ ಬಂದಾವ ಎಂದರು. ಅಷ್ಟಾದ ಮೇಲೆಯೇ ನನಗೆ ಧೈರ್ಯ ಬಂದದ್ದು.

“ಅರಿಶಿಣ ಹಚ್ಚಿದಾಂವ ನಾನ್ರಿ, ಸಾವ್ಕಾರ್ರ. ಆಯಿ ಅಲ್ರಿ.”

“ಗೊತ್ತೈತಿ,” ಎಂದರು ಅವರು. “ಅವತ್ತ ನಿನ್ನ ಕೈ ನೋಡೇನಿ. ಯಾರ ಮುಂದೂ ಹೇಳಬ್ಯಾಡ.”

ಮನೆಯ ಮರ್ಯಾದೆಗಾಗಿ ಹಾಗೆ ಹೇಳಿದರು ಎಂದುಕೊಂಡೆ. ಉಂಡು ಹೋಗು ಎಂದು ನನ್ನನ್ನು ಮರುದಿನಕ್ಕೂ ಉಳಿಸಿಕೊಂಡರು. ಬೆಳಿಗ್ಗೆ ಹಂದರದ ಕೆಳಗೆ ಮದುಮಗಳನ್ನು ಮಣೆಯ ಮೇಲೆ ಕೂರಿಸಿ ಅರಿಶಿನ ಹಚ್ಚಲು ಮುತ್ತೈದೆಯರು ಸೇರಿದ್ದರು. ಆಯಿ ಅಡುಗೆಮನೆಯಲ್ಲಿದ್ದರು. ಸಾಹುಕಾರರು ಒಳಗೆ ಹೋಗಿ ತಾಯಿಯ ಕೈ ಹಿಡಿದು ಹೊರಗೆ ಕರೆತಂದರು.

“ಗಾಡಿಗಿ ಹಚ್ಚಿದ ಕೈ ಮೊಮ್ಮಗಳಿಗಿ ಹಚ್ಚಬಾರದೇನ? ಗಾಡಿಗಿ ಏನ ಕೆಟ್ಟದ್ದಾಗೇತಿ, ನೋಡ್ರಿ,” ಎಂದು ಎಲ್ಲರ ಮುಂದೆ ಹೇಳಿದರು. “ಮೊದಲ ನಮ್ಮವ್ವ ಹಚ್ಚಲಿ.”

ಆಯಿ ಕೈ ಹಿಂದೆಳೆದುಕೊಂಡರು. ಆಗ ಆ ಹುಡುಗಿಯೇ ಮಣೆಯಿಂದ ಬಾಗಿ, ಅಜ್ಜಿಯ ಅಂಗೈಯನ್ನು ಅರಿಶಿನದ ಬಟ್ಟಲಿಗೆ ಅದ್ದಿ ತನ್ನ ಕೆನ್ನೆಗೆ ಒತ್ತಿಕೊಂಡಳು. ನಾನು ಕಾರಿನ ಮರೆಯಲ್ಲಿ ನಿಂತು ಅತ್ತೆ. ನನ್ನ ತಪ್ಪಿನಿಂದ ಯಾರಿಗಾದರೂ ಒಳ್ಳೆಯದಾದದ್ದು ಜೀವನದಲ್ಲಿ ಅದೊಂದೇ ಸಲ. ನನ್ನ ಕುಂಚ ಉಳಿದದ್ದು ಆ ತಾಯಿಯ ಸುಳ್ಳಿನಿಂದ. ಅದರ ಋಣ ನಾನು ತೀರಿಸಿಲ್ಲ, ತೀರುವಂಥದ್ದೂ ಅಲ್ಲ.

ಮಧ್ಯಾಹ್ನ ಊಟಕ್ಕೆ ಕೂತಾಗ ನನ್ನ ಎಲೆಗೆ ಹೋಳಿಗೆ ಬಡಿಸಿದ್ದು ಆಯಿಯೇ. ಅರಿಶಿನದ ಕೈ ಇನ್ನೂ ತೊಳೆದುಕೊಂಡಿರಲಿಲ್ಲ.