ಪುಟ ಮೀರಿದ ಮಳೆ

ಅವಳು ಕಲ್ಲುಮನಸ್ಸಿನ ಹೆಂಗಸು. ಇದನ್ನು ಮೆತ್ತಗೆ ಹೇಳುವ ದಾರಿ ಇಲ್ಲ. ಒಂದು ವಾರಪತ್ರಿಕೆಯ ಕಥಾವಿಭಾಗವನ್ನು ತಲೆ ನರೆಯುವವರೆಗೆ ನೋಡಿಕೊಂಡ ಅವಳ ಕಣ್ಣು ಒದ್ದೆಯಾದದ್ದನ್ನು ಕಚೇರಿಯಲ್ಲಿ ಕಂಡವರಿಲ್ಲ, ಮನೆಯಲ್ಲೂ ಕಂಡವರಿಲ್ಲ. ಹದಿನೇಳರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡ ದಿನವೂ ಅವಳು ಅಳಲಿಲ್ಲವಂತೆ. "ಎಷ್ಟು ಗಟ್ಟಿ ಹುಡುಗಿ" ಎಂದು ಬಂಧುಗಳು ಆಗ ಹೊಗಳಿದರು. ವರ್ಷಗಳು ಕಳೆದಂತೆ ಅದೇ ಮಾತು ಅವಳ ಮೇಲಿನ ದೂರಾಯಿತು.

ಕಚೇರಿಯಲ್ಲಿ ಅವಳ ಅಡ್ಡಹೆಸರು ಬರಗಾಲ. ಅವಳ ಕೆಂಪು ಪೆನ್ಸಿಲ್ ಹಾದುಹೋದ ಕಥೆಯಲ್ಲಿ ಒಂದು ಹನಿ ಮಳೆ ಉಳಿಯುತ್ತಿರಲಿಲ್ಲ. ಗಂಡ ಸತ್ತವಳ ಕಿಟಕಿಯಾಚೆಯ ಬೋಳುಮರ, ಮುದುಕನ ಕೊನೆಯುಸಿರಿಗೆ ಸರಿಯಾಗಿ ಮುಳುಗುವ ಸೂರ್ಯ, ಪ್ರೇಮಿಗಳು ಅಗಲುವಾಗ ಕವಿಯುವ ಮೋಡ, ಎಲ್ಲಕ್ಕೂ ಒಂದೇ ಗತಿ. ಮೇಲೊಂದು ಗೆರೆ, ಅಂಚಿನಲ್ಲಿ 'ಬೇಡ'. ಸಂಗತಿಯೇ ಸುಳ್ಳಾಗಿದ್ದರೆ ಅಂಚಿನ ಪದ ಬೇರೆ. ಹುಣ್ಣಿಮೆ ಕಳೆದ ಮೂರನೆಯ ದಿನಕ್ಕೆ ಅಮಾವಾಸ್ಯೆ ತಂದವನಿಗೆ 'ತಪ್ಪು' ಎಂದು ಬರೆಯುತ್ತಿದ್ದಳು. ಆ ಅಮಾವಾಸ್ಯೆಯ ಕತ್ತಲು ನಾಯಕಿಯ ಮನಸ್ಸಿನೊಳಗೂ ಕವಿದರೆ 'ಬೇಡ'. ಈ ಎರಡು ಪದಗಳನ್ನು ಅವಳು ಎಂದೂ ಅದಲುಬದಲು ಮಾಡಿದವಳಲ್ಲ.

ಒಮ್ಮೆ ಒಬ್ಬ ಹೊಸ ಲೇಖಕ ಧೈರ್ಯ ಮಾಡಿ ಅವಳ ಮೇಜಿನೆದುರು ಬಂದು ನಿಂತ.

"ಮೇಡಂ, ಆ ಬೋಳುಮರ ಅವಳ ಬದುಕಿನ ಸಂಕೇತ. ಅದನ್ನೇ ಹೊಡೆದುಹಾಕಿದ್ರೆ ಹೇಗೆ?"

"ಯಾವ ಮರ ಅದು?"

"ಅಂದ್ರೆ?"

"ಎಲೆ ಯಾಕೆ ಉದುರಿತು ಅಂತ ಕೇಳಿದೆ. ಹುಳ ಹತ್ತಿತ್ತಾ? ಬೇರಿಗೆ ನೀರು ಸಿಗ್ತಿರಲಿಲ್ವಾ?"

ಅವನು ತಲೆ ಕೆರೆದುಕೊಂಡ.

"ಮರದ ಕಷ್ಟಾನೇ ನಿಮಗೆ ಗೊತ್ತಿಲ್ಲ. ಅದು ಅವಳ ಕಷ್ಟ ಏನು ಹೇಳೀತು? ಹೋಗಿ, ಅವಳ ಅಡುಗೆಮನೆ ನೋಡಿ ಬರೆದುಕೊಂಡು ಬನ್ನಿ."

ಅವನು ಮೆಟ್ಟಿಲಿಳಿದು ಕೆಳಗಿನ ಅಚ್ಚುಮನೆಗೆ ಬಂದು, "ಕಾಡು ತಗೊಂಡು ಹೋಗಿದ್ದೆ, ಸೌದೆ ಹೊತ್ಕೊಂಡು ಬಂದೆ" ಎಂದನಂತೆ. ಅಚ್ಚಿನ ಮೊಳೆ ಜೋಡಿಸುವ ಹಿರಿಯ, ಅವಳಷ್ಟೇ ವರ್ಷ ಆ ಕಟ್ಟಡದಲ್ಲಿ ಸವೆದವನು, ಬಹಳ ದಿನ ಆ ಮಾತು ನೆನೆದು ನಗುತ್ತಿದ್ದ.

ಅವಳಿಗೆ ಮಳೆಯ ಮೇಲೆ ಹಗೆಯೇನೂ ಇರಲಿಲ್ಲ. ಮಳೆ ಬಂದರೆ ಬಟ್ಟೆ ನೆನೆಯಬೇಕು, ಸೂರು ಸೋರಬೇಕು, ಯಾರಿಗಾದರೂ ಬಸ್ಸು ತಪ್ಪಬೇಕು. ಅಂಥ ಮಳೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಆದರೆ ಪಾತ್ರದ ಕಣ್ಣಲ್ಲಿ ನೀರು ತರಿಸಲು ಬಾರದವನು ಅದನ್ನು ಆಕಾಶದಿಂದ ತರಿಸುತ್ತಾನೆ, ಅದು ಕಳ್ಳತನ ಎಂಬುದು ಅವಳ ವಾದ. ಈ ವಾದವನ್ನು ಹಿಡಿದು ಅವಳು ಸ್ನೇಹಿತರನ್ನು ಕಳೆದುಕೊಂಡಳು, ಒಂದೆರಡು ಬಹುಮಾನದ ಸಮಿತಿಗಳಿಂದ ಹೊರಬಿದ್ದಳು. ವಾದವನ್ನು ಬಿಡಲಿಲ್ಲ.

ಅವಳು ಮದುವೆಯಾಗಲಿಲ್ಲ. ತಮ್ಮ ಮತ್ತು ಅವನ ಹೆಂಡತಿಯ ಜೊತೆ ಮೂರು ಕೋಣೆಯ ಮನೆಯಲ್ಲಿದ್ದಳು. ತಮ್ಮ ಕನ್ನಡಕದ ಅಂಗಡಿಯ ಹಿಂದುಗಡೆ ಕೂತು ಗಾಜು ಉಜ್ಜುವ ಕೆಲಸ ಮಾಡಿದವನು. ಆ ಪುಡಿಯೆಲ್ಲ ಎದೆಗೆ ಇಳಿದು, ಐವತ್ತು ದಾಟುವ ಹೊತ್ತಿಗೆ ಅವನು ಹಾಸಿಗೆ ಹಿಡಿದ. ಮಲಗಿದಲ್ಲೇ ಬದುಕಿನ ಮೊದಲ ಕಥೆ ಬರೆದ. ಅಕ್ಕನ ಕೈಗೆ ಕೊಡದೆ ಹೆಂಡತಿಯ ಕೈಲಿ ಅಂಚೆಗೆ ಹಾಕಿಸಿದ. ಯಾರ ತಮ್ಮನೆಂದು ತಿಳಿಯದೆಯೇ ಸಂಪಾದಕರು ಅದನ್ನು ಒಪ್ಪಿ ಅಚ್ಚಿಗೆ ಕಳಿಸಿದ್ದರು. ಕರಡು ತಿದ್ದಲು ಎಂದಿನಂತೆ ಅವಳ ಮೇಜಿಗೆ ಬಂತು.

ಓದಲು ತೊಡಗಿದ ಮೇಲೆ ಅದು ತನ್ನ ಮನೆಯದೇ ಕಥೆ, ಬರೆದವನು ತಮ್ಮನೇ ಎಂದು ಅವಳಿಗೆ ಗೊತ್ತಾಯಿತು. ತಾಯಿ ತೀರಿಕೊಂಡ ದಿನ, ಸಾಮಾನಿನ ಕೋಣೆಯಲ್ಲಿ ಕೂಡಿಹಾಕಿದ ಆರು ವರ್ಷದ ಹುಡುಗ ಹೇಳುವ ಕಥೆ. ಅದರಲ್ಲಿ ಎರಡು ವಾಕ್ಯಗಳು ಒಂದೊಂದು ಸಾಲಾಗಿ ಬೇರೆಬೇರೆ ನಿಂತಿದ್ದವು. 'ಹೊರಗೆ ಮಧ್ಯಾಹ್ನವೆಲ್ಲ ಮಳೆ ಸುರಿಯಿತು' ಎಂಬುದು ಒಂದು. 'ಎಲ್ಲರೂ ಅತ್ತರು, ಅಕ್ಕ ಮಾತ್ರ ಅಳಲಿಲ್ಲ' ಎಂಬುದು ಇನ್ನೊಂದು.

ಮೊದಲನೆಯದರ ಮೇಲೆ ಪೆನ್ಸಿಲ್ ತಾನೇ ತಾನಾಗಿ ಗೆರೆ ಎಳೆಯಿತು. ಎರಡನೆಯದನ್ನು ಅವಳು ಮುಟ್ಟಲಿಲ್ಲ. ಕರಡನ್ನು ಚೀಲದಲ್ಲಿಟ್ಟುಕೊಂಡು ಮನೆಗೆ ಬಂದಳು.

"ಕಥೆ ನಿಂದು ಅಂತ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಇಲ್ಲೇ ಹರಿದುಹಾಕ್ತಿದ್ದೆ" ಎಂದು ತಮ್ಮ ದಿಂಬಿನ ಮೇಲಿಂದ ನಕ್ಕ. "ಮಳೆ ಹೊಡೆದ್ಯಾ?"

"ಹೊಡೆದೆ. ಅವತ್ತು ಮಳೆ ಬಂದಿರಲಿಲ್ಲ ಕಣೋ. ನಡುಬೇಸಿಗೆ. ಒಂದು ಚೂರು ಮೋಡ ಇರಲಿಲ್ಲ."

"ಬಂದಿತ್ತು."

"ಆರು ವರ್ಷದವನು ನೀನು. ನಿಂಗೇನು ಗೊತ್ತು?"

"ಕಿವಿ ಇತ್ತಲ್ಲ" ಎನ್ನುವಷ್ಟರಲ್ಲಿ ಕೆಮ್ಮು ಬಂತು. ಹೆಂಡತಿ ಅವನ ಬೆನ್ನಿಗೆ ಕೈಕೊಟ್ಟು ಎಬ್ಬಿಸಿ ಕೂರಿಸಿದಳು.

"ಅತ್ತಿಗೆ, ಜಗಳ ಆಮೇಲೆ ಆಡಿ. ಸ್ವಲ್ಪ ಉಸಿರು ತಗೊಳ್ಳಲಿ."

"ಇವಳ ಜೊತೆ ಜಗಳ ಆಡಿದ್ರೇನೇ ನಂಗೆ ಉಸಿರು ಬರೋದು. ನೀನು ಹೋಗು" ಎಂದ ಅವನು. ನಂತರ ತಡೆದು ತಡೆದು ಹೇಳಿದ. "ಆ ಕೋಣೆಗೆ ಕಿಟಕಿ ಇರಲಿಲ್ಲ ಅಕ್ಕ. ತಗಡಿನ ಮೇಲೆ ಧೋ ಅಂತ ಸುರೀತಾ ಇತ್ತು. ನಂಗೆ ಅದೇ ಧೈರ್ಯ. ಎಲ್ಲರೂ ಅಮ್ಮನ ಸುತ್ತ ಇದ್ದಾರೆ, ನನ್ನ ಜೊತೆ ಮಳೆ ಆದ್ರೂ ಇದೆಯಲ್ಲ ಅಂತ ಗೋಡೆಗೆ ಕಿವಿ ಕೊಟ್ಟು ಕೂತಿದ್ದೆ. ಮಳೆ ನಿಂತ ಮೇಲೆ ನೀನೇ ಬಂದು ಬಾಗಿಲು ತೆಗೆದೆ. ಮುಖ, ತೋಳು, ಎಲ್ಲಾ ತೊಪ್ಪೆ. ಮಳೇಲಿ ನೆನೆದುಕೊಂಡು ಬಂದಿದ್ದೆ ನೀನು. ಮರೆತುಬಿಟ್ಟಿದೀಯ."

ಅವಳು ಏನನ್ನೂ ಮರೆತಿರಲಿಲ್ಲ. ಸಾಮಾನಿನ ಕೋಣೆಯ ಗೋಡೆಯಾಚೆಗೆ ಇದ್ದದ್ದು ಬಚ್ಚಲು. ತಾಯಿಯ ಹಾಸಿಗೆಬಟ್ಟೆ ಒಗೆಯುತ್ತೇನೆಂದು ಹೇಳಿ ಅವಳು ಒಳಗೆ ಹೋಗಿ ಅಗಳಿ ಹಾಕಿಕೊಂಡಿದ್ದಳು. ತಗಡಿನ ತೊಟ್ಟಿಯನ್ನು ಬೋರಲು ಹಾಕಿ, ನಲ್ಲಿಯನ್ನು ಅದರ ಮೇಲೆ ಪೂರ್ತಿ ತಿರುಗಿಸಿಬಿಟ್ಟಿದ್ದಳು, ಸದ್ದಾಗಲಿ ಎಂದು. ಆ ಸದ್ದಿನೊಳಗೆ ಕೂತು, ಬಾಯಿಗೆ ಬಟ್ಟೆ ತುರುಕಿಕೊಂಡು, ಗಂಟಲು ಹರಿಯುವ ಹಾಗೆ ಅತ್ತಿದ್ದಳು. ನಲ್ಲಿ ನಿಲ್ಲಿಸಿ, ಮುಖ ತೊಳೆದು ಹೊರಬಂದಾಗಲೇ ಯಾರೋ "ಎಷ್ಟು ಗಟ್ಟಿ ಹುಡುಗಿ" ಎಂದದ್ದು. ಆಮೇಲೆ ಆ ಮಾತನ್ನು ಕಳಚಿಡುವ ಸಂದರ್ಭ ಒದಗಲೇ ಇಲ್ಲ.

ಈಗ ಒಂದೇ ವಾಕ್ಯ ಹೇಳಿದರೆ ಸಾಕಿತ್ತು. ಅದು ಮಳೆಯಲ್ಲ, ನಾನು. ನಾಲಿಗೆಯ ತುದಿಯವರೆಗೆ ಬಂತು. ಆದರೆ ಹೇಳಿದರೆ ಗೋಡೆಗೆ ಕಿವಿ ಕೊಟ್ಟು ಕೂತ ಹುಡುಗನ ಮಳೆ ಅಲ್ಲಿಗೇ ನಿಂತುಹೋಗುತ್ತಿತ್ತು. ಅಭ್ಯಾಸವೂ ಅಡ್ಡ ಬಂತು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯಾಗಿ ಬಾಯಿ ಹಿಡಿಯಿತೋ ಅವಳಿಗೇ ಗೊತ್ತಿಲ್ಲ.

"ಮಳೆ ತೆಗೀತೀಯಾದ್ರೆ ಕಥೆ ವಾಪಸ್ ತಂದುಬಿಡು. ಹಾಕೋದೇ ಬೇಡ" ಎಂದ ತಮ್ಮ.

"ನೋಡೋಣ" ಎಂದಳು ಅವಳು.

ನೋಡುವುದರೊಳಗೆ ಅವನು ಹೋಗಿಬಿಟ್ಟ. ಅದೇ ವಾರ, ಬೆಳಿಗ್ಗೆ, ಹೆಂಡತಿ ಬಿಸಿನೀರು ತರಲು ಒಳಗೆ ಹೋಗಿದ್ದಾಗ. ವೈದ್ಯರನ್ನು ಕರೆಸಿದ್ದು, ಬಂದವರಿಗೆ ಕುರ್ಚಿ ಹಾಕಿಸಿದ್ದು, ಅವನ ಹೆಂಡತಿಗೆ ನಾಲ್ಕು ತುತ್ತು ತಿನ್ನಿಸಿದ್ದು, ಎಲ್ಲವನ್ನೂ ಅವಳೇ ಮಾಡಿದಳು. ಬಾಗಿಲ ಬಳಿ ಬಂಧುಗಳ ಪಿಸುಮಾತು ಅವಳ ಕಿವಿಗೂ ಬಿತ್ತು: "ಒಡಹುಟ್ಟಿದವನಿಗೂ ಒಂದು ಹನಿ ಇಲ್ಲ ನೋಡು."

ಮತ್ತೆ ಕಚೇರಿಗೆ ಹೋದ ದಿನ ಪುಟ ಕಟ್ಟುವ ಕೆಲಸ ನಡೆದಿತ್ತು. ಅವಳು ಚೀಲದಿಂದ ಕರಡು ತೆಗೆದು ಮೇಜಿನ ಮೇಲಿಟ್ಟಳು. ಮೊಳೆ ಜೋಡಿಸುವ ಹಿರಿಯ ಕೈಯೊರೆಸಿಕೊಳ್ಳುತ್ತ ಮೇಲೆ ಬಂದ. ತಮ್ಮನ ವಿಷಯ ಅವನಿಗೆ ಗೊತ್ತಿತ್ತು, ಕಥೆ ಆ ತಮ್ಮನದೆಂದು ಗೊತ್ತಿರಲಿಲ್ಲ.

"ಅಮ್ಮಾವ್ರೇ, ಇವತ್ತೂ ಬರಬೇಕಾಗಿತ್ತಾ?"

"ಕೆಲಸ ಹೇಳಿ."

"ಈ ಕಥೆ ಒಂದು ಸಾಲು ಪುಟ ಮೀರ್ತಾ ಇತ್ತು." ಅವನು ಬಗ್ಗಿ ನೋಡಿದ. "ಆ, ಮಳೆ ಹೊಡೆದಿದೀರಲ್ಲ. ಸರಿಹೋಯ್ತು ಬಿಡಿ. ಬರೆದವರು ಬಂದು ಕೂಗಾಡದಿದ್ರೆ ಸಾಕು."

"ಬರಲ್ಲ."

ಅವನು ಕಾಗದಕ್ಕೆ ಕೈ ಚಾಚಿದ. ಅವಳು ಬಿಡಲಿಲ್ಲ. ಗೆರೆ ಹೊಡೆದ ಮಾತನ್ನು ಮತ್ತೆ ಉಳಿಸಿಕೊಳ್ಳಬೇಕಾದರೆ ಅದರ ಅಡಿಯಲ್ಲಿ ಚುಕ್ಕಿಗಳನ್ನು ಇಡುವುದು ಅಚ್ಚುಮನೆಯ ರೂಢಿ. ಅವಳು ಪೆನ್ಸಿಲ್ ತೆಗೆದುಕೊಂಡು ಮಳೆಯ ಕೆಳಗೆ ಒಂದೊಂದೇ ಚುಕ್ಕಿ ಇಟ್ಟಳು, ಸಾಲಿನ ಈ ತುದಿಯಿಂದ ಆ ತುದಿಯವರೆಗೆ. ಅವಳ ಕೈಯಿಂದ ಅಂಥ ಚುಕ್ಕಿ ಬಿದ್ದದ್ದನ್ನು ಅವನು ಅದುವರೆಗೆ ಕಂಡಿರಲಿಲ್ಲ.

"ಹಾಗಾದ್ರೆ ಆ ಒಂದು ಸಾಲು ಎಲ್ಲಿ ಕಡಿಮೆ ಮಾಡೋದು ಅಮ್ಮಾವ್ರೇ?"

ಅವಳ ಪೆನ್ಸಿಲ್ ಕೆಳಗಿಳಿಯಿತು. 'ಎಲ್ಲರೂ ಅತ್ತರು, ಅಕ್ಕ ಮಾತ್ರ ಅಳಲಿಲ್ಲ' ಎಂಬಲ್ಲಿ ನಿಂತು, ಇಡೀ ಸಾಲಿನ ಮೇಲೆ ಗೆರೆ ಎಳೆಯಿತು.

"ಅದು ಚೆನ್ನಾಗಿತ್ತಲ್ಲ" ಎಂದು ಅವನು ಗೊಣಗಿದ. ಅಂಚಿನಲ್ಲಿ 'ಬೇಡ' ಬೀಳುತ್ತದೆಂದು ಕಾದ.

ಅವಳು 'ತಪ್ಪು' ಎಂದು ಬರೆದು, ಕಾಗದವನ್ನು ಅವನ ಕೈಗೆ ಕೊಟ್ಟಳು.