ಕೌಬಾಯ್‌ಗೆ ಅವಸರ, ನಮಗೆ ಲೋಕಲ್ ಗಾಡಿ

ಕೌಬಾಯ್‌ಗೆ ಕನ್ನಡ ಕಲಿಸಿದವನು ನಾನು!

ನಗಬೇಡಿ. ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಟೀವಿ ಇರುವುದು ನಮ್ಮ ಮನೆಯಲ್ಲಿ ಮಾತ್ರ. ರವಿವಾರ ಬೆಳಿಗ್ಗೆ ಹಳೆಯ ಕೌಬಾಯ್ ಸೀರಿಯಲ್ ಶುರುವಾದರೆ ಹಾಲ್ ತುಂಬ ಜನ. ಅವರ ಇಂಗ್ಲಿಷ್ ಯಾರಿಗೂ ಅರ್ಥವಾಗದು. (ನನಗೂ ಅಷ್ಟೇ. ಆದರೆ ನಾನು ಹೇಳಿಕೊಳ್ಳುವುದಿಲ್ಲ.) ಹಾಗಾಗಿ ಟೀವಿ ಪಕ್ಕ ಕೂತು ನಾನೇ ಎಲ್ಲರಿಗೂ ದನಿ ಕೊಡುತ್ತೇನೆ. ಹೀರೋಗೆ ಅಪ್ಪನ ದನಿ, ಹೀರೋಯಿನ್‌ಗೆ ಅಕ್ಕನದು. ಕುದುರೆಗೆ ಮಾತ್ರ ನನ್ನ ಸ್ವಂತದ್ದು.

ಕಥೆ ಒಂದೇ. ಹೀರೋ ಊರಿಗೆ ಬರುತ್ತಾನೆ, ನೀರು ಕೇಳುತ್ತಾನೆ, ಹುಡುಗಿ ಕೊಡುತ್ತಾಳೆ. ಮುಗಿಯಿತು, ಪ್ರೇಮ! ಎದುರು ಮನೆಯ ಉಡುಪಿ ಕಡೆಯ ಲೀಲಕ್ಕನಿಗೆ ಪ್ರತಿ ವಾರವೂ ಸಂಕಟ.

"ಎಂತದು ಮಾರಾಯ, ನೀರು ಕುಡಿದು ಲೋಟ ಇಡುವಷ್ಟರಲ್ಲಿ ಪ್ರೀತಿಯಾ? ಅವನ ಮನೆ ಎಲ್ಲಿ ಅಂತಾದ್ರೂ ಕೇಳ್ಲಿಕ್ಕಿಲ್ವಾ?"

ಕೇಳಿ ಏನು ಪ್ರಯೋಜನ? ಕೌಬಾಯ್‌ನನ್ನು ಪ್ರೀತಿಸಿದವಳಿಗೆ ಎರಡೇ ಗತಿ. ಒಂದೋ ಗುಂಡು, ಇಲ್ಲವೇ ಅವನ ಕುದುರೆ ಎಬ್ಬಿಸಿದ ಧೂಳು.

ಹೋದ ತಿಂಗಳ ಒಂದು ರವಿವಾರ ಸೀರಿಯಲ್ ಹೊತ್ತಿಗೇ ಅಕ್ಕನನ್ನು ನೋಡಲು ಥಾಣೆಯ ವರ್ತಕ ನಗರದಿಂದ ಗಂಡು ಬಂದ. ಜೊತೆಗೆ ಅವನ ಸೋದರಮಾವ. ಅಪ್ಪ ಟೀವಿ ಆರಿಸಲು ಎದ್ದರೆ, ಆ ಮಾವನೇ "ಇರ್ಲಿ ಬಿಡ್ರಿ" ಎಂದು ಮುಂದಿನ ಸಾಲಿನಲ್ಲಿ ಕೂತುಬಿಟ್ಟರು. ನೆರೆಯವರಿಗಂತೂ ಒಂದೇ ಟಿಕೆಟ್‌ನಲ್ಲಿ ಎರಡು ಶೋ!

ಅಕ್ಕ ಅವಲಕ್ಕಿ ತಂದಳು. ಹುಡುಗ ತಲೆ ಎತ್ತದೆ ತಿಂದ. ಪರದೆಯ ಹೀರೋ ಹುಡುಗಿಯ ಹತ್ತಿರ ನೀರಾದರೂ ಕೇಳಿದ್ದ. ಇವನ ಸಂಬಂಧವೆಲ್ಲ ಅವಲಕ್ಕಿಯ ಜೊತೆ.

ಮಾವ ಗಡಿಯಾರ ನೋಡಿದರು. "ಹುಡುಗಿ ನಮಗ ಪಸಂದ್. ನೀವು ಈಗ ಹೂಂ ಅಂದ್ರ ಮುಗೀತು. ಇಲ್ಲಾಂದ್ರ ಹನ್ನೆರಡರ ಲೋಕಲ್ ಗಾಡಿ ಹಿಡೀಬೇಕು. ಕಲ್ಯಾಣದಾಗ ಇನ್ನೊಬ್ಬಾಕೀನ್ನ ನೋಡೂದದ."

ಅಪ್ಪ ಅಕ್ಕನತ್ತ ನೋಡಿದರು. ಅಕ್ಕ ಖಾಲಿ ಟ್ರೇಯನ್ನು ಎದೆಗೊತ್ತಿ ಹಿಡಿದಳು. ಇಡೀ ಬದುಕಿಗೆ ಒಂದು ಉತ್ತರ, ಅದೂ ಗಾಡಿ ಬರುವುದರೊಳಗೆ!

ಅದೇ ಹೊತ್ತಿಗೆ ಟೀವಿಯಲ್ಲಿ ಹೀರೋ ಕುದುರೆ ಹತ್ತಿದ. ಹುಡುಗಿ ಓಡಿ ಬಂದು ಏನೋ ಕೇಳಿದಳು. ಎಲ್ಲರೂ ಅಭ್ಯಾಸಬಲದಿಂದ ನನ್ನತ್ತ ತಿರುಗಿದರು. ನನ್ನ ನಾಲಿಗೆಗೆ ಲಗಾಮು ಎಲ್ಲಿಯದು? ಅಕ್ಕನದೇ ದನಿಯಲ್ಲಿ ಹೇಳಿಬಿಟ್ಟೆ:

"ಹೊಂಟ್ಯಾ? ಹೋಗಪಾ ಹೋಗು. ಕಲ್ಯಾಣದಾಗ ಇನ್ನೊಬ್ಬಾಕಿ ಕಾಯಾಕತ್ತಾಳ!"

ಹಾಲ್ ಬಿದ್ದು ಬಿದ್ದು ನಕ್ಕಿತು. ಮಾವನ ಮುಖ ಕೆಂಪಾಯಿತು. ಅಪ್ಪ ನನ್ನನ್ನು ನೋಡಿದ ರೀತಿಗೆ ಡಬ್ಬಿಂಗ್ ಬೇಕಿರಲಿಲ್ಲ.

ಆಗ ಹುಡುಗ ಮೊದಲ ಸಲ ಬಾಯಿಬಿಟ್ಟ.

"ಆಕಿ ಹಂಗ ಅನ್ನಲಿಲ್ಲ. 'ನಾಳಿ ಮತ್ತ ಬರ್ತೀಯೇನು' ಅಂತ ಕೇಳಿದ್ಲು."

(ಒಬ್ಬನಿಗೆ ಇಂಗ್ಲಿಷ್ ಬರುತ್ತಿತ್ತು. ನನ್ನ ಮಾನ ಹೋಯಿತು.)

ಅಕ್ಕ ತಲೆ ಎತ್ತಿದಳು. "ಅದಕ್ಕ ಅಂವ ಏನಂದನ್ರೀ?"

"ಏನೂ ಅನ್ನಲಿಲ್ರಿ. ಹೋಗೇಬಿಟ್ಟ." ಹುಡುಗ ತಟ್ಟೆ ಕೆಳಗಿಟ್ಟ. "ನಾ ಆಗಿದ್ರ, ಬರ್ತೀನಿ ಅಂತಿದ್ದೆ."

"ಏ, ಕಲ್ಯಾಣ?" ಮಾವ ಸಿಡುಕಿದರು.

"ನೀವ ಹೋಗಿ ಬರ್ರಿ ಮಾಮಾ."

ಅಕ್ಕ ಅಪ್ಪನಿಗೆ ಹೇಳಿದಳು, "ಬರೂದಾದ್ರ ಬರ್ಲಿ. ನಾಕು ಮಾತಾಡಿ ಆಮ್ಯಾಲೆ ನನ್ನ ಉತ್ತರ." ಟ್ರೇಯನ್ನು ಕೆಳಗಿಟ್ಟಳು.

ನನಗೆ ಒಂದೇ ಅನುಮಾನ. ಕೌಬಾಯ್ ಪ್ರೀತಿ ಅವಸರದ್ದು ಎಂದು ವಾರವಾರ ನಕ್ಕ ನಾವೇ, ಒಂದು ತಟ್ಟೆ ಅವಲಕ್ಕಿ ಖಾಲಿಯಾಗುವಷ್ಟರಲ್ಲಿ ಮದುವೆ ಮುಗಿಸಲು ಹೊರಟಿದ್ದೆವಲ್ಲ? ಕುದುರೆಗಾದರೂ ಟೈಮ್‌ಟೇಬಲ್ ಇಲ್ಲ!

ಅಂದಿನಿಂದ ಹುಡುಗ ಪ್ರತಿ ರವಿವಾರ ಬರುತ್ತಾನೆ. ಮೊದಲೆರಡು ವಾರ ಟೀವಿ ನೋಡಿದ. ಈಗ ಇಬ್ಬರೂ ಹೊರಗೆ ಗ್ಯಾಲರಿಯಲ್ಲಿ ನಿಂತು ಮಾತಾಡುತ್ತಾರೆ. ಏನು ಮಾತೋ ಕೇಳಿಸದು, ದನಿ ಕೊಡೋಣವೆಂದರೆ ಲೀಲಕ್ಕ ಕಿವಿ ಹಿಂಡುತ್ತಾರೆ. ಅಕ್ಕ ಇನ್ನೂ ಹೂಂ ಅಂದಿಲ್ಲ. ಆದರೆ ಮೊನ್ನೆ ಅವಲಕ್ಕಿಗೆ ತಾನೇ ಒಗ್ಗರಣೆ ಹಾಕಿದಳು, ಗೋಡಂಬಿ ಹಾಕಿ. (ನನ್ನ ತಟ್ಟೆಯಲ್ಲಿ ಶೇಂಗಾ.)

ಆ ರವಿವಾರವೂ ಟೀವಿಯ ಹೀರೋ ಎಂದಿನಂತೆ ಧೂಳೆಬ್ಬಿಸಿ ಹೋದ. ನಮ್ಮ ಹುಡುಗ ಹಿಡಿಯಬೇಕಿದ್ದ ಲೋಕಲ್ ಗಾಡಿಯೂ ಸ್ಟೇಷನ್ನಿನಲ್ಲಿ ಕೂಗಿತು. ಅವನು ಕದಲಲಿಲ್ಲ.

ಡೊಂಬಿವಲಿಯಲ್ಲಿ ಬೇಕೆಂದೇ ಗಾಡಿ ತಪ್ಪಿಸಿಕೊಂಡವನಿಗಿಂತ ದೊಡ್ಡ ಪ್ರೇಮಿ ಯಾರಿದ್ದಾರೆ, ಹೇಳಿ?